ಹಗ್ಗ ಎಳೆದಾಗ ಯಾರು ಬರುತ್ತಾರೆ?

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟಾರ್ಸ್‌ನ ಕಾರು ಕಾರ್ಖಾನೆಯೊಂದಿತ್ತು. ಅಲ್ಲಿನ ಕೆಲಸಗಾರರಿಗೆ ಎಲ್ಲೆಡೆ ಕೆಟ್ಟ ಹೆಸರು. ದಿನಕ್ಕೆ ಐವರಲ್ಲಿ ಒಬ್ಬರು ಗೈರು. ಪಾಳಿಯ ಹೊತ್ತಿನಲ್ಲೇ ಕುಡಿತ. ಮೇಲಿನವರ ಮೇಲಿನ ಸಿಟ್ಟಿಗೆ ಕೆಲವರು ಕಾರಿನ ಬಾಗಿಲೊಳಗೆ ಖಾಲಿ ಬಾಟಲಿ ಸೇರಿಸಿ ಕಳಿಸುತ್ತಿದ್ದರಂತೆ. 1982ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು.

ಟೊಯೋಟಾ ಪಾಲುದಾರಿಕೆಯಲ್ಲಿ 1984ರಲ್ಲಿ ಅದೇ ಕಾರ್ಖಾನೆ 'ನುಮ್ಮಿ' ಎಂಬ ಹೆಸರಿನಲ್ಲಿ ಮತ್ತೆ ಶುರುವಾಯಿತು. ಬಹುಪಾಲು ಹಳೆಯ ಕೆಲಸಗಾರರನ್ನೇ ಕರೆದುಕೊಂಡರು, ಯೂನಿಯನ್ನೂ ಹಳೆಯದೇ. ಆದರೂ ಶೇ 20ರಷ್ಟಿದ್ದ ಗೈರುಹಾಜರಿ ಶೇ 2ರ ಆಸುಪಾಸಿಗೆ ಇಳಿಯಿತು. ಸೋಮಾರಿಗಳೆಂದು ಕರೆಸಿಕೊಂಡವರ ಒಳಗೆ ಒಳ್ಳೆಯ ಕೆಲಸ ಮಾಡುವ ಆಸೆ ಮೊದಲಿನಿಂದಲೂ ಇತ್ತೆಂದೇ ನನಗನ್ನಿಸುತ್ತದೆ.

ಮೊದಲಿನ ಆಡಳಿತದಲ್ಲಿ ಕಾರು ಜೋಡಿಸುವ ಲೈನ್ ನಿಲ್ಲಿಸುವುದು ದೊಡ್ಡ ಅಪರಾಧ. ಬೋಲ್ಟ್ ಸರಿಯಾಗಿ ಕೂತಿಲ್ಲವೆಂದು ಕಣ್ಣಿಗೆ ಕಂಡರೂ ಕಾರು ಮುಂದೆ ಹೋಗಲೇಬೇಕು, ರಿಪೇರಿ ಆಮೇಲೆ. ತನ್ನ ಕೈಯ ಕೆಲಸ ಕೆಡುವುದನ್ನು ದಿನವೂ ಸುಮ್ಮನೆ ನೋಡುತ್ತ ನಿಂತವನಿಗೆ ಆ ಕೆಲಸದ ಮೇಲೆ ಮಮತೆ ಎಲ್ಲಿಂದ ಬರಬೇಕು? ನುಮ್ಮಿಯಲ್ಲಿ ಲೈನಿನುದ್ದಕ್ಕೂ, ಕೈಗೆಟಕುವ ಎತ್ತರದಲ್ಲಿ ಒಂದು ಹಗ್ಗ ಕಟ್ಟಿದರು. ತೊಂದರೆ ಕಂಡವರು ಯಾರೇ ಆಗಲಿ ಎಳೆಯಬಹುದಿತ್ತು. ಎಳೆದರೆ ದೀಪ ಹತ್ತುತ್ತಿತ್ತು, ಸಣ್ಣದೊಂದು ರಾಗ ಕೇಳಿಸುತ್ತಿತ್ತು, ಟೀಮ್ ಲೀಡರ್ ಬಂದು ಪಕ್ಕದಲ್ಲಿ ನಿಲ್ಲುತ್ತಿದ್ದ. ಕೂಡಲೇ ಸರಿಹೋದರೆ ಸರಿ, ಇಲ್ಲದಿದ್ದರೆ ಇಡೀ ಲೈನ್ ನಿಲ್ಲುತ್ತಿತ್ತು.

ನನ್ನ ಮಟ್ಟಿಗೆ ಎಲ್ಲವೂ ನಿಂತಿರುವುದು ಹಾಗೆ ಬಂದವನ ಮೊದಲ ಮಾತಿನ ಮೇಲೆ. 'ಯಾರು ಮಾಡಿದ್ದು?' ಎಂದು ಆತ ಗದರಿದರೆ ಮರುದಿನದಿಂದ ಹಗ್ಗಕ್ಕೆ ಯಾರೂ ಕೈ ಹಾಕುವುದಿಲ್ಲ. 'ಏನಾಯ್ತು, ನೋಡೋಣ' ಎಂದರೆ ನಾಳೆಯೂ ಎಳೆಯುತ್ತಾರೆ. ಮೇಲಿನವರ ಮಾತನ್ನು ಕೆಳಗಿನವರು ನಂಬಲು ಇನ್ನೂ ಕೆಲವು ಕಾರಣಗಳಿದ್ದವು. ಅಧಿಕಾರಿಗಳೂ ಕೆಲಸಗಾರರೂ ಒಂದೇ ಕ್ಯಾಂಟೀನಿನಲ್ಲಿ ಊಟ ಮಾಡುತ್ತಿದ್ದರು. 1988ರ ಸುಮಾರಿಗೆ ಮಾರಾಟ ಕುಸಿದಾಗ ಯಾರನ್ನೂ ಮನೆಗೆ ಕಳಿಸದೆ ತರಬೇತಿಗೆ ಹಚ್ಚಿದರು.

ಇದೇ ಪದ್ಧತಿಯನ್ನು ಜನರಲ್ ಮೋಟಾರ್ಸ್ ತನ್ನ ವ್ಯಾನ್ ನೈಸ್ ಕಾರ್ಖಾನೆಗೂ ತರಲು ನೋಡಿತು. ಅಲ್ಲಿ ಅದು ನೆಲೆಯೂರಲಿಲ್ಲ. 1992ರಲ್ಲಿ ಆ ಕಾರ್ಖಾನೆ ಮುಚ್ಚಿತು.

ನಮ್ಮ ಕಚೇರಿಗಳಲ್ಲೂ ಹುರುಪು ತುಂಬಲೆಂದು ಭಾಷಣಕಾರರನ್ನು ಕರೆಸುತ್ತಾರೆ, ವರ್ಷಕ್ಕೊಮ್ಮೆ ಸನ್ಮಾನ ಮಾಡುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಕೆಟ್ಟ ಸುದ್ದಿ ಹೇಳಲು ಹೆದರುವ ಕಡೆ ಆ ಹುರುಪು ವಾರವೂ ಉಳಿಯುವುದಿಲ್ಲ. ನಿಮ್ಮ ಕೈಕೆಳಗೆ ನಾಲ್ಕು ಜನ ಕೆಲಸ ಮಾಡುತ್ತಿದ್ದರೆ ಒಂದು ವಿನಂತಿ. 'ಸಾರ್, ಇಲ್ಲೊಂದು ಎಡವಟ್ಟಾಗಿದೆ' ಎಂದು ಅವರಲ್ಲೊಬ್ಬರು ಮುಂದಿನ ಸಲ ಬಂದಾಗ, ಕುರ್ಚಿ ಬಿಟ್ಟೆದ್ದು ಅವರ ಜತೆ ಆ ಜಾಗದ ತನಕ ಹೋಗಿ ಬನ್ನಿ.