ಚೆನ್ನಾಗಿತ್ತಾ ಸಾರ್?

ಸೋಮನಹಳ್ಳಿಯಲ್ಲಿ ಸರ್ವಿಸ್ ರಸ್ತೆಗೆ ಮುಖ ಮಾಡಿಕೊಂಡು ಒಂದು ನೇಪಾಳಿ ಹೋಟೆಲ್ ಇತ್ತು. ತಗಡಿನ ಮಾಡು, ನಾಲ್ಕು ಮೇಜು, ಗೋಡೆಯ ಮೇಲೆ ಪಶುಪತಿನಾಥನ ಕ್ಯಾಲೆಂಡರು. 2023ರಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ದೂರದ ಗಾಡಿಗಳು ಬೇಲಿಯಾಚೆಯೇ ಹಾರಿಹೋಗುತ್ತವೆ. ಸರ್ವಿಸ್ ರಸ್ತೆಯಲ್ಲಿ ಉಳಿದವರು ಸುತ್ತಲ ಹಳ್ಳಿಯವರು, ಇಲ್ಲಿನ ಕೈಗಾರಿಕಾ ಪ್ರದೇಶದ ಕೆಲಸಗಾರರು. ಹೊರಗಿನವರಿಗೆ ಈ ಊರು ಎಸ್. ಎಂ. ಕೃಷ್ಣ ಅವರ ಹೆಸರಿನ ಮೊದಲ ಅಕ್ಷರವಾಗಿ ಗೊತ್ತು. ನನಗೆ ಅದು ಅವ್ವನ ಮನೆಗೆ ಹೋಗುವಾಗ ಬಸ್ಸಿಳಿಯುವ ಜಾಗ.

ಬೋರ್ಡಿನಲ್ಲಿ ‘ನೇಪಾಳಿ ಊಟ’ ಎಂದಿತ್ತು. ಆಸೆಯಿಂದ ಒಳಗೆ ಹೋದೆ. ಇದ್ದದ್ದು ಗೋಬಿ ಮಂಚೂರಿ, ಫ್ರೈಡ್ ರೈಸ್, ನೂಡಲ್ಸ್, ಮೊಮೊ. ಮೊಮೊದ ಹಿಟ್ಟು ದಪ್ಪ, ನಡುವೆ ಹಸಿ. ಗೋಬಿ ಬಿಳಿಚಿಕೊಂಡಿತ್ತು. 2024ರ ಮಾರ್ಚ್‌ನಲ್ಲಿ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕಬಾರದೆಂದ ಮೇಲೆ ತಾನು ಹಾಕುತ್ತಿಲ್ಲ, ಗಿರಾಕಿಗಳು ಮಾತ್ರ ಇನ್ನೂ ಕೆಂಪಗಿರುವುದನ್ನೇ ಕೇಳುತ್ತಾರೆ ಎಂದ ಹುಡುಗ. ಅವನೂ ಅವನ ಚಿಕ್ಕಪ್ಪನ ಮಗನೂ ಬೆಂಗಳೂರಿನ ತಳ್ಳುಗಾಡಿಗಳಲ್ಲಿ ವರ್ಷಗಟ್ಟಲೆ ದುಡಿದು, ಕೂಡಿಟ್ಟ ದುಡ್ಡಿನಲ್ಲಿ ಈ ಮಳಿಗೆ ಹಿಡಿದಿದ್ದರು. ಎದ್ದು ಬರುವಾಗ ಕೇಳಿದ, ‘ಚೆನ್ನಾಗಿತ್ತಾ ಸಾರ್?’ ಚೆನ್ನಾಗಿತ್ತು ಅಂದೆ.

ಎರಡನೆಯ ಸಲ ಹಿಂದಿನ ದಿನವೇ ಹೇಳಿ ದಾಲ್-ಭಾತ್ ಮಾಡಿಸಿದೆ. ಬೇಳೆಯಲ್ಲಿ ಸಾಂಬಾರ್ ಪುಡಿಯ ವಾಸನೆ. ‘ಇಲ್ಲಿಯವರಿಗೆ ಖಾರ ಬೇಕಲ್ಲ ಸಾರ್.’ ನನಗೆ ನಿಜಕ್ಕೂ ಸಿಟ್ಟು ಬಂತು. ನೇಪಾಳ ಬೇಕೆಂದು ಬಂದರೆ ನಮ್ಮ ಬೀದಿಯನ್ನೇ ತಟ್ಟೆಗೆ ಹಾಕಿಕೊಡುತ್ತಾನಲ್ಲ! ಆಮೇಲೆ ನಡೆದು ಹೋಗುವಾಗ ಸಿಟ್ಟು ಯಾರ ಮೇಲೆ ಎಂದು ಹುಡುಕಿದರೆ ಸಿಗಲಿಲ್ಲ. ಅವನು ಅಡುಗೆ ಕಲಿತದ್ದು ನಮ್ಮ ಬೀದಿಗಳಲ್ಲಿ, ನಮ್ಮ ನಾಲಿಗೆ ಕೇಳಿದ್ದನ್ನು ಕೊಟ್ಟು. ಇಷ್ಟು ವರ್ಷ ಗೋಬಿ ಕೇಳಿದವರು ನಾವು. ಒಂದು ದಿನ ಇದ್ದಕ್ಕಿದ್ದಂತೆ ‘ಅಸಲಿ ನೇಪಾಳ’ ಕೇಳುವುದು ಯಾವ ನ್ಯಾಯ? ಆದರೂ ‘ಚೆನ್ನಾಗಿತ್ತು’ ಅಂದಿದ್ದೆ.

ಮೂರನೆಯ ಸಲದ್ದೇ ನನ್ನನ್ನು ಇನ್ನೂ ಕಾಡುವುದು.

ಅವನು ಪಶ್ಚಿಮ ನೇಪಾಳದ ಅಛಾಮ್ ಜಿಲ್ಲೆಯವನು. ಬನ್ಬಸಾ ಗಡಿ ದಾಟಿ ಬಂದವನು. 1950ರ ಭಾರತ-ನೇಪಾಳ ಒಪ್ಪಂದದ ಕಾರಣ ಅವನಿಗೆ ಇಲ್ಲಿ ಬಂದಿರಲು, ದುಡಿಯಲು, ಅಂಗಡಿ ಇಡಲು ವೀಸಾ ಬೇಕಿಲ್ಲ. ಊರಲ್ಲಿ ಏನು ತಿನ್ನುತ್ತಿದ್ದೆ ಎಂದು ಕೇಳಿದೆ. ‘ಢಿಂಡೊ, ಕೋದೋದ್ದು’ ಅಂದ. ನಾನು ಕೋದೋ ಎಂದರೆ ಹಾರಕ ಅಂದುಕೊಂಡೆ. ಉತ್ತರ ಭಾರತದಲ್ಲಿ ಹಾಗೇ. ಅವನು ಮೊಬೈಲಿನಲ್ಲಿ ತೆನೆಯ ಚಿತ್ರ ತೋರಿಸಿದ. ರಾಗಿ! ಆಫ್ರಿಕದ ಎತ್ತರದ ನೆಲದಿಂದ ಎಂದೋ ಹೊರಟ ಕಾಳು ಮಂಡ್ಯದ ಹೊಲಕ್ಕೂ ಹಿಮಾಲಯದ ಇಳಿಜಾರಿಗೂ ಬಂದು ಎರಡೂ ಕಡೆ ಮುದ್ದೆಯಾಗಿದೆ. ಇಲ್ಲಿಯಂತೆ ಅಲ್ಲಿಯೂ ಅಗಿಯದೆ ನುಂಗುತ್ತಾರೆ. ಜೊತೆಗೆ ಗುಂದ್ರುಕ್ ಎಂಬ ಸಾರು, ಸೊಪ್ಪನ್ನು ಹುಳಿ ಬರಿಸಿ ಒಣಗಿಸಿಟ್ಟು ಮಾಡಿದ್ದು. ನನಗೆ ಖುಷಿ ತಡೆಯಲಾಗದೆ ‘ಮಾಡಿಕೊಡು’ ಅಂದೆ.

ಮುಂದಿನ ವಾರ ಮಾಡಿಟ್ಟಿದ್ದ. ಗುಂದ್ರುಕ್ ಸಿಗದೆ ಮೂಲಂಗಿ ಸೊಪ್ಪಿನ ಸಾರು ಕಾಸಿದ್ದ. ಮುದ್ದೆ ಮುರಿದರೆ ಗಂಟು. ಗಂಟಿನೊಳಗೆ ಒಣಹಿಟ್ಟು. ನಮ್ಮಲ್ಲಿ ಎಸರು ಕುದಿಯುವಾಗ ಹಿಟ್ಟನ್ನು ನಡುವೆ ಗೋಪುರದ ಹಾಗೆ ಸುರಿದು, ಕೋಲು ನೆಟ್ಟು, ಮುಟ್ಟದೆ ಬೇಯಲು ಬಿಡುತ್ತಾರೆ, ತಿರುವುವುದು ಆಮೇಲೆ. ಅವರಲ್ಲಿ ಹಿಟ್ಟು ಉದುರಿಸುತ್ತಲೇ ತಿರುವುತ್ತ ಹೋಗಬೇಕು. ಕೈ ಒಂದು ಗಳಿಗೆ ಸೋತರೂ ಗಂಟು. ಹದಿನೈದಕ್ಕೇ ಊರು ಬಿಟ್ಟವನು. ಅವ್ವ ಮಾಡುವುದನ್ನು ನೋಡಿದ್ದನೇ ಹೊರತು ಮಾಡಿದವನಲ್ಲ. ಎದುರು ನಿಂತೇ ಇದ್ದ, ಕೈಯಲ್ಲಿ ಒರೆಸುವ ಬಟ್ಟೆ. ನಾನು ಗಂಟುಗಳನ್ನೂ ಸೇರಿಸಿ ನುಂಗಿ ‘ಸೂಪರ್’ ಅಂದೆ.

ಎರಡು ವಾರ ಬಿಟ್ಟು ಹೋದಾಗ ಬೋರ್ಡಿನ ಕೆಳಗೆ ಹೊಸ ಸಾಲೊಂದು ಸೇರಿತ್ತು: ‘ನೇಪಾಳಿ ರಾಗಿ ಮುದ್ದೆ ಸಿಗುತ್ತದೆ.’

ಮಂಡ್ಯ ಜಿಲ್ಲೆಯಲ್ಲಿ, ಮುದ್ದೆ! ಉಣ್ಣಲು ಬಂದವರು ಸುಮ್ಮನಿರಲಿಲ್ಲ. ‘ಏನ್ಲಾ ಇದು, ಹಿಟ್ಟೋ ಹೆಂಟೆನೋ?’ ಎಂದು ತಟ್ಟೆ ಸರಿಸಿ ಎದ್ದರಂತೆ. ಒಬ್ಬನಂತೂ ಗಂಟು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟು ಹೋದನಂತೆ. ಹುಡುಗ ಇದನ್ನೆಲ್ಲ ನಗುತ್ತಲೇ ಹೇಳಿದ. ಆಮೇಲೆ, ‘ನೀವು ಚೆನ್ನಾಗಿದೆ ಅಂದಿದ್ರಲ್ಲ ಸಾರ್?’ ಅಂದ. ಅದರಲ್ಲಿ ಆಪಾದನೆ ಇರಲಿಲ್ಲ. ಅವನಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ.

ಅಪ್ರಿಯ ಸತ್ಯ ಆಡಬಾರದು ಎಂಬ ಮಾತನ್ನು ನಾವೆಲ್ಲ ಕೇಳಿ ಬೆಳೆದಿದ್ದೇವೆ. ಅದಿರುವುದು ಮನುಸ್ಮೃತಿಯ 4ನೇ ಅಧ್ಯಾಯದಲ್ಲಿ. ಆ ಪುಸ್ತಕದೊಡನೆ ನನಗೆ ಬೇರೆ ಜಗಳಗಳಿವೆ, ಇರಲಿ. ಅದೇ ಶ್ಲೋಕದ ಮುಂದಿನ ಪಾದವನ್ನು ನಾವು ಸಲೀಸಾಗಿ ಮರೆಯುತ್ತೇವೆ: ಪ್ರಿಯವಾದ ಸುಳ್ಳನ್ನೂ ಆಡಬಾರದು. ಇತ್ತ ಕಾಂಟ್ 1797ರ ಒಂದು ಲೇಖನದಲ್ಲಿ, ಕೊಲೆಗಾರನೇ ಬಂದು ಕೇಳಿದರೂ ಸುಳ್ಳು ಹೇಳುವ ಹಕ್ಕು ನಿನಗಿಲ್ಲ ಎಂದ. ಅಷ್ಟು ದೂರ ಹೋಗಲು ನಾನು ತಯಾರಿಲ್ಲ. ಪುಣ್ಯಕೋಟಿಯ ಸತ್ಯಕ್ಕೆ ಬೆಲೆ ಪ್ರಾಣ. ನನ್ನಿಂದ ಯಾರೂ ಅಷ್ಟು ಕೇಳಿರಲಿಲ್ಲ. ‘ಗಂಟಿದೆ’ ಎಂಬ ಒಂದು ಮಾತು ಸಾಕಿತ್ತು.

ಅದೇ ಮಾತನ್ನು ಅವ್ವನಿಗೆ ಎಷ್ಟು ಸಲ ಹೇಳಿಲ್ಲ! ‘ಗಂಟದೆ ಕಣವ್ವ’ ಅಂದರೆ ಅವಳು ‘ಮಾಡ್ಕೊಂಡ್ ಉಣ್ಣು ಹೋಗು’ ಅನ್ನುತ್ತಾಳೆ, ಮಾರನೆಯ ದಿನ ಗಂಟಿರುವುದಿಲ್ಲ. ನಮ್ಮವರ ಅಡುಗೆಯನ್ನು ಹಳಿಯುವಷ್ಟು ಸದರ ನಮಗಿದೆ. ಆ ಹುಡುಗನಿಗೆ ನಾನು ಸದರ ಕೊಡಲಿಲ್ಲ, ಪಡೆಯಲೂ ಇಲ್ಲ. ಕೊಟ್ಟದ್ದು ಕನಿಕರ. ಊರು ಬಿಟ್ಟು ಬಂದವನು, ಬಡವ, ಏನೋ ಮಾಡಿಕೊಂಡಿದ್ದಾನೆ, ಯಾಕೆ ನೋಯಿಸಬೇಕು ಎಂದು. ತಟ್ಟೆ ಸರಿಸಿ ಬೈದು ಹೋದವನು ಒರಟ, ಒಪ್ಪುತ್ತೇನೆ. ಆದರೆ ಮುದ್ದೆ ಮಾಡುವವನೆಂದರೆ ಮುದ್ದೆ ಬರಬೇಕು ಎಂದು ಅವನನ್ನು ಲೆಕ್ಕಕ್ಕೆ ತೆಗೆದುಕೊಂಡವನು ಆ ಒರಟನೇ.

ಇದನ್ನು ಹೀಗೆ ಬರೆದಾಗ ತುಂಬ ಸರಾಗವಾಗಿ ಕಾಣುತ್ತದೆ, ಅದೇ ನನಗೆ ಅನುಮಾನ. ಗಂಟು ಸಾಲಿಟ್ಟವನು ‘ಗೂರ್ಖಾ’ ಎಂದೂ ಏನೇನೋ ಸೇರಿಸಿದನಂತೆ. ಅದು ಅಡುಗೆಯ ವಿಮರ್ಶೆಯಲ್ಲ. ಪರಊರಿನವನಿಗೆ ನಿಜ ಹೇಳುವಾಗ ಅದರ ಜೊತೆ ಇನ್ನೂ ಏನೇನು ಅಂಟಿಕೊಂಡು ಹೋಗುತ್ತದೆಯೋ ಎಂಬ ಹೆದರಿಕೆ ನನ್ನ ಸುಳ್ಳಿನಲ್ಲಿ ಇದ್ದಿರಬಹುದು. ಮೂರು ಪಾಲು ಸೋಮಾರಿತನವಾದರೆ ಒಂದು ಪಾಲು ಅದು. ಎದುರು ನಿಂತ ಮುಖವನ್ನು ನೋಡಿಕೊಂಡು ಈ ಪಾಲುಗಳನ್ನು ಬೇರ್ಪಡಿಸಲು ಆಗುವುದಿಲ್ಲ.

ಮಳಿಗೆ ಈಗ ಮುಚ್ಚಿದೆ. ಗಿರಾಕಿಗಳಿಲ್ಲದ ಸರ್ವಿಸ್ ರಸ್ತೆ ಕಾರಣವೋ, ಬಾಡಿಗೆಯೋ, ಮುದ್ದೆಯೋ. ನನ್ನ ‘ಸೂಪರ್’ನಿಂದಲೇ ಮುಚ್ಚಿತು ಎಂದುಕೊಳ್ಳುವುದೂ ಒಂದು ಬಗೆಯ ಜಂಬ. ಅವನು ಎಲ್ಲಿಗೆ ಹೋದನೆಂದು ಪಕ್ಕದ ಪಂಕ್ಚರ್ ಅಂಗಡಿಯವನಿಗೂ ಗೊತ್ತಿರಲಿಲ್ಲ.

ಅವ್ವನಿಗೆ ಇದೆಲ್ಲ ಹೇಳಿದೆ. ಕಾಂಟ್, ಮನು ಬಿಟ್ಟು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಒಂದ್ ದಿನ ಮನೆಗ್ ಕರ್ಕೊಂಡ್ ಬರ್ಬಾರ್ದಿತ್ತಾ? ಕೋಲ್ ಹಿಡಿಯೋದ್ ನಾನ್ ತೋರುಸ್ತಿದ್ದೆ’ ಅಂದಳು.