ನೆಲೆಯಿಲ್ಲದ ಮಗುವೂ ವಿದ್ಯಾದಾಸೋಹವೂ

ಶಿವಶರಣರ ಧರ್ಮದಲ್ಲಿ ಸ್ಥಾವರ, ಜಂಗಮ ಎಂಬ ಎರಡು ಮಾತುಗಳಿಗಿರುವ ತೂಕವನ್ನು ಸದ್ಭಕ್ತರು ಬಲ್ಲರು. ಮನೆ, ಹೊಲ, ಸೀಮೆ ಯಾವುದನ್ನೂ ತನ್ನದೆನ್ನದೆ ಊರಿಂದೂರಿಗೆ ಚರಿಸುವ ಜಂಗಮನು ಬಾಗಿಲಿಗೆ ಬಂದಾಗ ಗೃಹಸ್ಥನು ಆತನ ಮನೆ ಎಲ್ಲಿಯೆಂದು ಕೇಳುವದಿಲ್ಲ. ಪಾದಪೂಜೆ ಮಾಡಿ ಪ್ರಸಾದಕ್ಕೆ ಕೂಡ್ರಿಸುವನು. ಅದೇ ಬೀದಿಯಲ್ಲಿ ನೆಲೆಯಿಲ್ಲದ ಮಗುವೊಂದು ವಿದ್ಯೆಯನ್ನು ಬೇಡಿ ನಿಂತರೆ ಮೊದಲು ಬರುವ ಪ್ರಶ್ನೆ "ನಿನ್ನ ಮನೆ ಎಲ್ಲಿ?" ಎಂಬದು. ಜಂಗಮನಿಗೆ ಭೂಷಣವಾದುದು ಮಗುವಿಗೆ ದೂಷಣವಾಯಿತು. ಭಕ್ತಿಯೊಳಗಿನ ಈ ವೈಷಮ್ಯವನ್ನು ಕುರಿತು ಗೃಹಸ್ಥಭಕ್ತರು ಆಲೋಚಿಸಬೇಕಾಗಿದೆ.

ಮನೆಯಿಲ್ಲವೆಂದರೆ ಮೇಲೆ ಮಾಳಿಗೆಯಿಲ್ಲವೆಂದಷ್ಟೇ ಅರ್ಥವಲ್ಲ. ಪುಸ್ತಕವನ್ನು ಮಳೆಯಿಂದ ಕಾಯ್ದಿಡುವ ಗೂಡಿಲ್ಲ. ಸಂಜೆ ಓದಲು ದೀಪವಿಲ್ಲ. ರಾತ್ರಿ ನೆಮ್ಮದಿಯ ನಿದ್ರೆಯಿಲ್ಲ. ಬೆಳೆದ ಹೆಣ್ಣುಮಗಳಿಗಂತೂ ಮೈತೊಳೆದುಕೊಳ್ಳಲು ಮುಚ್ಚುವ ಬಾಗಿಲೊಂದಿಲ್ಲ. ಆದುದರಿಂದ ಶಾಲೆಯನ್ನು ಮೊದಲು ಬಿಡುವವಳು ಅವಳೇ. ಗುರುವು ಎಷ್ಟೇ ಸಮರ್ಥನಾದರೂ, ಹಗಲು ಕಲಿಸಿದುದು ರಾತ್ರಿ ನಿಲ್ಲುವದಕ್ಕೊಂದು ಎಡೆ ಬೇಡವೇ?

ಈ ಕಷ್ಟವನ್ನು ಕಾಣಲು ದೂರ ಹೋಗಬೇಕಾಗಿಲ್ಲ. ಕಪ್ಪತಗುಡ್ಡದ ಸುತ್ತಣ ಶಿರಹಟ್ಟಿ, ಮುಂಡರಗಿ ತಾಲೂಕುಗಳ ತಾಂಡಗಳನ್ನೂ ಮಳೆಯಾಶ್ರಿತ ಹಳ್ಳಿಗಳನ್ನೂ ಸುಗ್ಗಿ ಮುಗಿದ ಮೇಲೆ ನೋಡಿದರೆ ಸಾಕು. ಎಷ್ಟೋ ಮನೆಗಳಿಗೆ ಬೀಗ ಬಿದ್ದಿರುವದು. ಮಳೆ ಕೈಕೊಟ್ಟ ವರ್ಷ ಬೀಗಗಳು ಇನ್ನೂ ಹೆಚ್ಚು. ಗಂಡಹೆಂಡಿರು ಗೋವೆಗೋ, ಮಂಗಳೂರಿಗೋ, ಕಬ್ಬು ಕಡಿಯುವ ಸೀಮೆಗೋ ದುಡಿಯಲು ಹೋಗಿರುವರು, ಕೂಸುಗಳು ಬೆನ್ನಿಗಿರುವವು. ಊರಲ್ಲಿ ಮನೆಯಿದ್ದರೂ ವರ್ಷದ ಕೆಲವು ತಿಂಗಳು ಆ ಕುಟುಂಬವು ನಿರ್ವಸಿತವೇ. ಕಟ್ಟುತ್ತಿರುವ ಬೇರೊಬ್ಬರ ಮಹಡಿಯ ಕೆಳಗೆ ತಗಡಿನ ಶೆಡ್ಡಿನಲ್ಲಿ ಅದರ ವಾಸ. ಗೋವೆಯ ಸರಕಾರಿ ಪ್ರಾಥಮಿಕ ಶಾಲೆಗಳಲ್ಲಿ ಕಲಿಸುವದು ಹೆಚ್ಚಾಗಿ ಮರಾಠಿಯಲ್ಲಿ, ಕೊಂಕಣಿಯಲ್ಲಿ. ಮಗುವಿಗೆ ಬರುವದು ಕನ್ನಡ ಇಲ್ಲವೆ ಲಂಬಾಣಿ ಮಾತು. ತಿರುಗಿ ಊರಿಗೆ ಬರುವಷ್ಟರಲ್ಲಿ ಇಲ್ಲಿ ವಾರ್ಷಿಕ ಪರೀಕ್ಷೆಗಳು ಮುಗಿದಿರುವವು. ಹೀಗೆ ಎರಡು ಮೂರು ಸಲವಾದರೆ ಓರಗೆಯವರಿಗಿಂತ ಹಿಂದೆ ಬಿದ್ದ ನಾಚಿಕೆಯೇ ಅದನ್ನು ಶಾಲೆಯಿಂದ ಹೊರಗಿಡುವದು.

ಅಲ್ಲಿಯೇ ನೆಲೆನಿಂತವರ ಪಾಡೂ ಭದ್ರವಲ್ಲ. 2017ರಲ್ಲಿ ವಾಸ್ಕೋ ಬಳಿಯ ಬೈನಾ ಕಡಲದಂಡೆಯಲ್ಲಿ ವರ್ಷಗಟ್ಟಲೆಯಿಂದ ಬಾಳಿದ್ದ ಕನ್ನಡಿಗರ ಮನೆಗಳನ್ನು ಕೆಡವಿದರು. ಅಂಥಲ್ಲಿ ಪಾತ್ರೆಪರಡಿಗಳೊಡನೆ ಪಾಟೀಚೀಲವೂ ಬೀದಿಗೆ ಬೀಳುವದು. ಕನ್ನಡದ ತಿರುಳಿನ ಸೀಮೆಯೆಂದು ಕವಿರಾಜಮಾರ್ಗವು ಹೆಸರಿಸಿದ ಊರುಗಳಲ್ಲಿ ಪುಲಿಗೆರೆಯೂ ಒಂದು. ಅದು ಇಂದಿನ ಲಕ್ಷ್ಮೇಶ್ವರ. ಆ ನೆಲದ ಮಗು ತನ್ನ ಹೆಸರನ್ನು ಕನ್ನಡದಲ್ಲಿ ಬರೆಯಲಾರದೆ ಬೆಳೆದರೆ ಆ ಹೊಗಳಿಕೆ ಯಾರಿಗೆ ಸಲ್ಲಬೇಕು?

ಕಾಯಿದೆಯು ಸುಮ್ಮನಿಲ್ಲವೆಂಬದನ್ನು ಹೇಳಲೇಬೇಕು. 2009ರ ಶಿಕ್ಷಣ ಹಕ್ಕಿನ ಕಾಯಿದೆಯು 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಅದರಂತೆ 6ರಿಂದ 14 ವರ್ಷದ ಮಗುವಿಗೆ ವಯಸ್ಸಿನ ದಾಖಲೆಯಿಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ. ವರ್ಗಾವಣೆ ಪತ್ರ ತಡವಾಯಿತೆಂದು ಹೊರಗೆ ನಿಲ್ಲಿಸುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು, ಹಿಂದುಳಿದ ಪಾಠವನ್ನು ಬೇರೆಯಾಗಿ ಕಲಿಸತಕ್ಕದ್ದು. ಅಮೇರಿಕದಂಥ ಸಿರಿವಂತ ದೇಶವೂ ಮನೆಯಿಲ್ಲದ ಮಕ್ಕಳ ಶಾಲೆಗಾಗಿ 1987ರಲ್ಲಿ ಪ್ರತ್ಯೇಕ ಕಾನೂನು ಮಾಡಬೇಕಾಯಿತು. ಆದರೆ ತಾಯಿಯೊಬ್ಬಳು ಸೆರಗು ಹೊದ್ದು ಬಾಗಿಲಲ್ಲಿ ನಿಂತಾಗ ಕಾಯಿದೆಯ ಕಲಮು ಅವಳಿಗೆ ನೆನಪಾಗುವದಿಲ್ಲ. "ಕಾಗದ ತಂದು ಬಾ" ಎಂದರೆ ಅವಳು ತಿರುಗಿ ಬರುವದೂ ಇಲ್ಲ. 14 ದಾಟಿದ ಹುಡುಗನಿಗಂತೂ ಆ ಆಸರೆಯೂ ತಪ್ಪುವದು.

ಹಾಗಾದರೆ ದಾರಿ ಯಾವುದು? ಗದಗಿನಲ್ಲಿಯೇ ಅದನ್ನು ತೋರಿದವರುಂಟು. ಲಿಂಗೈಕ್ಯ ಪಂಚಾಕ್ಷರಿ ಗವಾಯಿಗಳು (1892-1944) ಹುಟ್ಟುಕುರುಡರು. ಹಾನಗಲ್ ಕುಮಾರ ಶಿವಯೋಗಿಗಳು ಅವರನ್ನು ಕರೆದೊಯ್ದು ಸಾಕಿ, ಸಂಗೀತ ಕಲಿಸಿದರು. ಆ ಋಣವನ್ನು ಗವಾಯಿಗಳು ತೀರಿಸಿದ ಬಗೆ ಅಪೂರ್ವವಾದುದು. ಅಂಧರು, ಅನಾಥರು, ದಿಕ್ಕಿಲ್ಲದ ಹುಡುಗರನ್ನು ಕಟ್ಟಿಕೊಂಡು ಊರೂರು ಸಂಚರಿಸಿದರು; ಹೋದೆಡೆಯಲ್ಲಿ ಬಿಡಾರ, ಬಿಡಾರದಲ್ಲಿಯೇ ಪಾಠ. ಗದಗಿನ ವೀರೇಶ್ವರ ಪುಣ್ಯಾಶ್ರಮವು ನೆಲೆಗೊಂಡುದು ಆಮೇಲೆ. ಆ ಮೊದಲು ಶಿಷ್ಯರಿಗಷ್ಟೇ ಅಲ್ಲ, ಶಾಲೆಗೂ ಮನೆಯಿರಲಿಲ್ಲ! ಮಗು ನಡೆಯುತ್ತಿದ್ದರೆ ವಿದ್ಯೆಯೂ ಅದರೊಡನೆ ನಡೆಯಬೇಕೆಂದು ಅವರು ಬಗೆದರು, ಶಾಲೆಯನ್ನೇ ಜಂಗಮವಾಗಿಸಿದರು. ಹಾಗೆ ಅವರ ಆಸರೆಗೆ ಬಂದವರಲ್ಲಿ ಎಳವೆಯಲ್ಲಿಯೇ ಕಣ್ಣನ್ನೂ ಹೆತ್ತವರನ್ನೂ ಕಳೆದುಕೊಂಡ ಹುಡುಗನೊಬ್ಬನಿದ್ದನು. ಅವರೇ ಕನ್ನಡ, ಸಂಸ್ಕೃತ, ಹಿಂದಿಗಳಲ್ಲಿ ಕೃತಿ ರಚಿಸಿ, 2010ರಲ್ಲಿ ಪದ್ಮಭೂಷಣರಾಗಿ, ಅದೇ ವರ್ಷ ಲಿಂಗೈಕ್ಯರಾದ ಪುಟ್ಟರಾಜ ಗವಾಯಿಗಳು. ಅಂದು ಯಾರಾದರೂ ಆ ಹುಡುಗನ ವಿಳಾಸ ಕೇಳಿ ಹಿಂದೆ ಕಳಿಸಿದ್ದರೆ?

ಗದಗಿನವರೇ ಆದ ಭೀಮಸೇನ ಜೋಶಿಯವರೂ ಬಾಲ್ಯದಲ್ಲಿ ಗುರುವನ್ನರಸಿ ಮನೆ ಬಿಟ್ಟು ಹೋದರೆಂದು ಕೆಲವರು ಹೇಳುವರು. ಕಲಿಯುವವನಿಗೆ ಮನೆಯೇಕೆಂದು ವಾದಿಸುವರು. ಈ ವಾದ ನಿಲ್ಲದು. ಅವರಿಗೆ ತಿರುಗಿ ಬರಲು ಮನೆಯೂ ತಂದೆಯೂ ಇದ್ದರು. ಮನೆ ಬಿಡುವದು ಬೇರೆ, ಮನೆಯಿಲ್ಲದಿರುವದು ಬೇರೆ.

ಮುಂಡರಗಿಯ ಮಠದ ಹೆಸರಿನಲ್ಲಿಯೇ ಅನ್ನದಾನವಿದೆ. ಶಿರಹಟ್ಟಿಯ ಫಕೀರೇಶ್ವರನ ಬಾಗಿಲಿಗೆ ಹಿಂದೂ ಮುಸಲ್ಮಾನರೆಂಬ ಭೇದವಿಲ್ಲ. ಹಸಿದವನಿಗೆ ಅನ್ನವಿಕ್ಕುವದರಲ್ಲಿ ಈ ಸೀಮೆಯ ಭಕ್ತರು ಹಿಂದೆ ಬಿದ್ದವರಲ್ಲ. ಆದರೆ ಜಾತ್ರೆಯ ದಿನ ಸಾವಿರಾರು ಜನರಿಗೆ ಹುಗ್ಗಿ ನೀಡಿದ ಕೈ, ಮರುದಿನ ಎಡೆಯ ಪಾತ್ರೆ ತೊಳೆಯಲು ನಿಂತ ಹುಡುಗನನ್ನು ಯಾವ ತರಗತಿಯೆಂದು ವಿಚಾರಿಸುವದಿಲ್ಲ. ಅನ್ನವು ಒಂದು ಹೊತ್ತಿನದು; ಓದಿಗೆ ಹತ್ತು ವರ್ಷ ಒಂದೇ ಎಡೆ ಬೇಕು. ದಾಸೋಹವೆಂದರೆ ಉಳಿದುದನ್ನು ಕೊಡುವದಲ್ಲ, ಬಂದವನಿಗೆ ತಾನು ದಾಸನೆಂದು ನಿಲ್ಲುವದು. ಪ್ರಸಾದನಿಲಯದ ಪ್ರವೇಶಕ್ಕೆ ಗುರುತಿನವರ ಚೀಟಿ ತಂದವನು ಮುಂದೆ, ಚೀಟಿಯಿಲ್ಲದವನು ಹಿಂದೆ ಎಂದಾದರೆ ಅದು ದಾಸೋಹವಲ್ಲ, ವ್ಯವಹಾರ.

ದೀಪಾವಳಿಗೆ ಮುನ್ನವೇ ತಾಂಡಕ್ಕೆ ಹೋಗಿ, ಯಾವ ಮಕ್ಕಳು ಗುಳೆ ಹೊರಟಿರುವರೆಂದು ಹೆಸರು ಹೆಸರು ಬರೆದುಕೊಳ್ಳಬಹುದು. ಅಜ್ಜಿಯ ಬಳಿ ಉಳಿಯುವ ಮಗುವಿಗೆ ಊರ ಮಠದ ಪಡಸಾಲೆಯಲ್ಲಿ ರಾತ್ರಿ ಓದಲು ದೀಪ, ಮಲಗಲು ಚಾಪೆ, ಹೆಣ್ಣುಮಕ್ಕಳಿಗೆ ಬಾಗಿಲಿರುವ ಕೋಣೆ, ಅವರೊಡನಿರಲು ನಂಬಿಗೆಯ ಹಿರಿಯಳೊಬ್ಬಳು: ಇಷ್ಟು ಏರ್ಪಾಡಾದರೆ ತಾಯಿ ಧೈರ್ಯದಿಂದ ಬಿಟ್ಟು ಹೋಗುವಳು. ಹೋಗಲೇಬೇಕಾದ ಮಗುವಿನ ವರ್ಗಾವಣೆ ಪತ್ರವನ್ನು ಮೊದಲೇ ತೆಗೆಸಿ, ಹೋಗುವ ಊರಿನಲ್ಲಿರುವ ಈ ಕಡೆಯ ಭಕ್ತರೊಬ್ಬರಿಗೆ ಪತ್ರ ಬರೆದರೆ, ಬಸ್ಸಿನಿಂದಿಳಿದ ಆ ತಾಯಿಯೊಡನೆ ಶಾಲೆಯ ಬಾಗಿಲವರೆಗೆ ಬರುವವರೊಬ್ಬರು ಇರುವರು.