ಪಾಪ ಎಂಬ ಮಾತು

ಕನ್ನಡದಲ್ಲಿ ‘ಪಾಪ’ ಎಂಬ ಒಂದೇ ಶಬ್ದಕ್ಕೆ ಎರಡು ಕೆಲಸ. ಪುಣ್ಯಕ್ಕೆ ಎದುರಾದುದೂ ಪಾಪ; ಬಿದ್ದು ಅಳುವ ಮಗುವನ್ನು ಕಂಡಾಗ ಬಾಯಿಂದ ಹೊರಡುವುದೂ ‘ಪಾಪ’ವೇ. ನಮ್ಮ ಮಲಯಾಳ ಬಂಧುಗಳು ಈ ವಿಷಯದಲ್ಲಿ ಲೆಕ್ಕವನ್ನು ಹೆಚ್ಚು ಚೊಕ್ಕವಾಗಿ ಇಟ್ಟಿದ್ದಾರೆ: ಅವರಲ್ಲಿ ಒಂದು ‘ಪಾಪಂ’, ಇನ್ನೊಂದು ‘ಪಾವಂ’. ಎರಡು ಖಾತೆಗಳನ್ನು ಒಂದೇ ಹೆಸರಿನಲ್ಲಿಟ್ಟರೆ ಒಬ್ಬರ ಖರ್ಚು ಇನ್ನೊಬ್ಬರ ತಲೆಗೆ ಬೀಳುತ್ತದೆಂದು ಬ್ಯಾಂಕಿನ ಗುಮಾಸ್ತನಾದ ನನಗೆ ಗೊತ್ತಿರಬೇಕಿತ್ತು. ಗೊತ್ತಾದದ್ದು ಎರಡು ನಾಯಿಮರಿಗಳಿಂದ.

2022ರ ಮಳೆಗಾಲದ ಮೊದಲಲ್ಲಿ ಹದಿನೈದು ದಿನಗಳ ಅಂತರದಲ್ಲಿ ಎರಡೂ ನಮ್ಮ ಮನೆ ಸೇರಿದವು. ಗುಂಡುವನ್ನು ತಂದವನು ನಾನು. ಬದಿಯಡ್ಕದ ಕಡೆಯ ಭಾವನ ಮನೆಯ ಊರನಾಯಿಯ ಮರಿ. ತಂದೆ ಲ್ಯಾಬ್ರಡಾರ್ ಎಂದು ಹೇಳಿಕೆ. ನಾಲ್ಕು ತಿಂಗಳಿಗೇ ಹನ್ನೆರಡು ಕಿಲೋ ತೂಗುತ್ತಿತ್ತು. ದೇಹಕ್ಕಿಂತ ಮೊದಲು ಪಾದಗಳು ಬೆಳೆದುಬಿಟ್ಟ ಹಾಗಿತ್ತು. ಮಲ್ಲಿ ಮಗಳ ಹಟಕ್ಕೆ ಬಂದದ್ದು. ಮಂಗಳೂರಿನ ಫ್ಲ್ಯಾಟಿಗೆ ಹೊರಟ ಪರಿಚಯದವರೊಬ್ಬರು ಬಿಟ್ಟುಹೋದ ಬಿಳಿಯ ಸಣ್ಣ ಜಾತಿಯ ಮರಿ. ಎರಡೂವರೆ ತಿಂಗಳು, ಒಂದೂವರೆ ಕಿಲೋ. ಬೊಗಸೆಯಲ್ಲಿ ಹಿಡಿದರೆ ಎದೆಬಡಿತ ಕೈಗೆ ತಿಳಿಯುತ್ತಿತ್ತು.

ಇಂಥ ಪುಟ್ಟ ಮರಿಗಳ ಮೈಯಲ್ಲಿ ಉಳಿತಾಯ ಕಡಿಮೆ. ಹೊಟ್ಟೆ ಬಹಳ ಹೊತ್ತು ಖಾಲಿಯಾದರೆ ರಕ್ತದ ಸಕ್ಕರೆ ಇಳಿದು ನಡುಗುತ್ತವೆ. ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪ ತಿನ್ನಿಸಬೇಕು. ಗುಂಡುವಿಗಾದರೋ ತನ್ನ ತಟ್ಟೆ ಮೂರು ಗುಕ್ಕು, ಮಲ್ಲಿಯದು ಒಂದು. ಅದಕ್ಕೆ ಬೇರೆ ಬೇರೆ ಕಡೆ ಉಣ್ಣಿಸಿದೆವು. ಆ ತೊಂದರೆ ತೀರಿತು. ತೀರದೆ ಉಳಿದದ್ದು ಆಟ. ಗುಂಡುವಿನ ಪ್ರೀತಿಯೆಂದರೆ ಮೈಮೇಲೆ ಬೀಳುವುದು. ಮಲ್ಲಿ ಕಂಯ್ ಎನ್ನುವುದು, ನಾವೆಲ್ಲ “ಅಯ್ಯೋ ಪಾಪ” ಎನ್ನುವುದು, ಪಾಗಾರದ ಆಚೆಯಿಂದ ನೆರೆಮನೆಯ ಅಮ್ಮ “ಪಾವಂ!” ಎನ್ನುವುದು, ನಾನು ಗುಂಡುವನ್ನು ಸೌದೆ ಕೊಟ್ಟಿಗೆಯ ಕಂಬಕ್ಕೆ ಕಟ್ಟುವುದು, ಇಷ್ಟು ನಿತ್ಯದ ಪಾಠವಾಯಿತು.

ಮೊದಲು ಒಂದು ಗಂಟೆ ಕಟ್ಟುತ್ತಿದ್ದೆ. ಬಿಚ್ಚಿದಾಗ ಕಟ್ಟಿದ ಹೊತ್ತಿನ ಓಟವನ್ನೆಲ್ಲ ಒಂದೇ ಉಸಿರಿಗೆ ಓಡಿ ಮಲ್ಲಿಯ ಮೇಲೆ ಬೀಳುತ್ತಿತ್ತು. ಹಾಗಾಗಿ ಎರಡು ಗಂಟೆ ಕಟ್ಟಿದೆ. ಆಮೇಲೆ ನಾನು ಬ್ಯಾಂಕಿಗೆ ಹೊರಟಲ್ಲಿಂದ ಮರಳುವವರೆಗೆ. ಕಟ್ಟಿದಷ್ಟೂ ಪುಂಡಾಟ ಹೆಚ್ಚಿತು, ಹೆಚ್ಚಿದಷ್ಟೂ ಕಟ್ಟಿದೆವು. ಕಾರಣ ಮಾತ್ರ ಅದರ ಸ್ವಭಾವವೆಂದೇ ತೀರ್ಮಾನವಾಗಿತ್ತು. ನಾಯಿಯನ್ನು ಹೀಗೆ ವಾಡಿಕೆಯಾಗಿ ಕಟ್ಟಿಹಾಕಿ, ಅಡ್ಡಾಡಿಸದೆ ಇರುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೆಯ ಕಲಮಿನಂತೆ ಅಪರಾಧವೆಂದು ನನಗೆ ತಿಳಿದದ್ದು ಅನಂತರ. ನಾನಾದರೋ ದಯೆ ತೋರಿಸುತ್ತಿದ್ದೇನೆ ಎಂದುಕೊಂಡಿದ್ದೆ.

ಆಟಿ ತಿಂಗಳ ಒಂದು ಸಂಜೆ ನಾನು ಅಂಗಳಕ್ಕೆ ಕಾಲಿಡುವಾಗ ಮಲ್ಲಿ ಹಿಂಗಾಲು ಎತ್ತಿ ಕಿರುಚುತ್ತಿತ್ತು. ಪಕ್ಕದಲ್ಲೇ ಗುಂಡು, ಹಗ್ಗ ಹರಿದುಕೊಂಡು ಬಂದದ್ದು. ಕೊಡೆಯನ್ನು ಮಡಚಲೂ ಇಲ್ಲ. ಬೆತ್ತ ತೆಗೆದು ನಾಲ್ಕು ಬಾರಿಸಿದೆ. ಅದು ಗುರ್ ಎನ್ನಲಿಲ್ಲ. ಅಂಗಾತ ಮಲಗಿ, ಬಾಲದ ತುದಿಯನ್ನಷ್ಟೇ ಆಡಿಸಿತು. ಮರುದಿನ ಪಶುವೈದ್ಯರು ಮಲ್ಲಿಯ ಕಾಲನ್ನು ಮಡಚಿ ಬಿಡಿಸಿ ನೋಡಿ, ಇದು ಮೊಣಕಾಲ ಚಿಪ್ಪು ಜಾರುವ ತೊಂದರೆ, ಸಣ್ಣ ಜಾತಿಯ ನಾಯಿಗಳಲ್ಲಿ ಹುಟ್ಟಿನಿಂದಲೇ ಬರುವುದುಂಟು, ಎತ್ತರದಿಂದ ಹಾರಲು ಬಿಡಬೇಡಿ ಎಂದರು. ಮನೆಗೆ ಬಂದ ಮೇಲೆ ಮಗಳು ಅತ್ತಳು. ಮಲ್ಲಿಯನ್ನು ಜಗಲಿಯ ಕಟ್ಟೆಯ ಮೇಲೆ ಕೂರಿಸಿದವಳು ಅವಳು. ಅದು ತಾನಾಗಿ ಹಾರಿತ್ತು. ಗುಂಡು ಕೂಗು ಕೇಳಿ ಓಡಿಬಂದದ್ದು ಮಾತ್ರ.

ತಾಳಮದ್ದಳೆಯ ಹುಚ್ಚಿರುವ ನಮ್ಮ ಸೀಮೆಯಲ್ಲಿ ಮಹಾಭಾರತದ ನಾಯಿಯೆಂದರೆ ಧರ್ಮರಾಯನ ಹಿಂದೆ ಹೋದದ್ದೇ ಎಲ್ಲರಿಗೂ ನೆನಪಾಗುವುದು. ಆದರೆ ಆದಿಪರ್ವದಲ್ಲಿ ಇನ್ನೊಂದಿದೆ. ಜನಮೇಜಯನ ಸತ್ರದಲ್ಲಿ ಅವನ ತಮ್ಮಂದಿರು ಸರಮೆಯ ಮರಿಯನ್ನು ಹೊಡೆದಟ್ಟುತ್ತಾರೆ. ಮರಿ ಹವಿಸ್ಸನ್ನು ನೆಕ್ಕಿರಲಿಲ್ಲ, ಅತ್ತ ನೋಡಿಯೂ ಇರಲಿಲ್ಲ. ತಾಯಿ ಬಂದು ಕೇಳುತ್ತಾಳೆ, ತಪ್ಪಿಲ್ಲದವನನ್ನು ಏಕೆ ಹೊಡೆದಿರಿ ಎಂದು. ಯಾರೂ ಏನೂ ಹೇಳುವುದಿಲ್ಲ. ಕಾಣದ ಭಯ ನಿಮಗೆ ಬರಲಿ ಎಂದು ಶಪಿಸಿ ಹೋಗುತ್ತಾಳೆ. ಅಷ್ಟು ದೊಡ್ಡ ಗ್ರಂಥದ ಬಾಗಿಲಲ್ಲೇ ಈ ಕತೆ ಏಕೆ ಕೂತಿದೆ ಎಂದು ನಾನು ಹಿಂದೆ ಯೋಚಿಸಿರಲಿಲ್ಲ.

ಆ ವಾರ ಅಣ್ಣ ಬಂದಿದ್ದ. ತರವಾಡು ಮನೆಯಲ್ಲಿ ತೋಟ ನೋಡಿಕೊಂಡಿರುವವನು. ಬಾಳೆಗೊನೆ ಇಳಿಸಿ, ಕೊಟ್ಟಿಗೆಯ ಕಡೆ ನೋಡಿ, “ಅದು ಎಂತ ಮಾಡಿದೆ ಮಾರಾಯ?” ಎಂದು ಕೇಳಿದ. ನಾನು ಉತ್ತರ ಕೊಡಲಿಲ್ಲ. ನನಗೆ ಏಳು ವರ್ಷವಿದ್ದಾಗ ಕೆರೆಯ ಮೆಟ್ಟಿಲಲ್ಲಿ ಜಾರಿ ಹಣೆ ಒಡೆದುಕೊಂಡದ್ದು ನೆನಪಾಗಿತ್ತು. “ಅಣ್ಣ ದೂಡಿದನಾ?” ಎಂದು ಅಪ್ಪ ಕೇಳಿದ್ದರು. ನಾನು ಹೌದೆನ್ನಲಿಲ್ಲ. ಅಲ್ಲವೆಂದೂ ಹೇಳಲಿಲ್ಲ, ಅಳುತ್ತಿದ್ದೆ. ಹದಿಮೂರರ ಅಣ್ಣನಿಗೆ ಬಿದ್ದ ಪೆಟ್ಟಿನ ಶಬ್ದ ಈಗಲೂ ಕಿವಿಯಲ್ಲಿದೆ. ಅವನೂ ಗುರ್ ಎನ್ನಲಿಲ್ಲ. ಮುಂದೆ ಹತ್ತನೆಯ ತರಗತಿಗೆ ಅವನ ಓದು ನಿಂತಿತು. ಅವನಿಗೆ ಮೈಬಲ ಇದೆ, ತೋಟ ನೋಡಿಯಾನು. ಇವನು ಪಾಪ, ಇವನಿಂದ ಆಗದು, ಓದಲಿ ಎಂದು ಮನೆಯಲ್ಲಿ ತೀರ್ಮಾನಿಸಿದರು. ನನ್ನ ಬಿ.ಎ. ಪದವಿ, ಬ್ಯಾಂಕಿನ ಕುರ್ಚಿ ಎಲ್ಲವೂ ಆ ಎರಡಕ್ಷರದ ಮೇಲೆ ಸಿಕ್ಕಿದ ಸಾಲ.

ಹಾಗಾದರೆ ಬಲವಿದ್ದವನನ್ನು ಅವನ ಪಾಡಿಗೆ ಬಿಟ್ಟುಬಿಡಬೇಕೇ? ಅದೂ ಸುಳ್ಳು ಧರ್ಮವೇ. ಹನ್ನೆರಡು ಕಿಲೋ ಒಂದೂವರೆ ಕಿಲೋದ ಮೇಲೆ ಪ್ರೀತಿಯಿಂದ ಬಿದ್ದರೂ ಎಲುಬು ಮುರಿಯುತ್ತದೆ. ಎರಡಕ್ಕೂ ಒಂದೇ ನ್ಯಾಯವೆಂದು ಕೈಕಟ್ಟಿ ಕೂತವನು ಗುಂಡುವಿನ ಪಕ್ಷ ಸೇರಿದ ಹಾಗೆಯೇ. ನಾನು ಕಂಡುಕೊಂಡದ್ದು ಸಣ್ಣ ಉಪಾಯಗಳನ್ನು ಅಷ್ಟೆ. ಬೆಳಿಗ್ಗೆ ಗುಂಡುವನ್ನು ಗದ್ದೆಯ ಬದುವಿನಲ್ಲಿ ನಡೆಸಿ ದಣಿಸುವುದು. ಆಮೇಲೆ ಹತ್ತು ನಿಮಿಷ, ನಾನು ಎದುರಿಗೆ ಕೂತು, ಎರಡನ್ನೂ ಆಡಲು ಬಿಡುವುದು. ಜಗಲಿಯ ಮೂಲೆಯಲ್ಲಿ ಅಡಿಕೆ ಸಲಾಕೆಗಳ ಒಂದು ತಡಿಕೆ ಕಟ್ಟಿದೆ. ಅದರ ಕಂಡಿಯಲ್ಲಿ ಮಲ್ಲಿ ನುಸುಳಬಹುದು, ಗುಂಡು ನುಸುಳಲಾರದು. ಯಾರನ್ನೂ ಕಟ್ಟಬೇಕಾಗಲಿಲ್ಲ. ನಾನಿಲ್ಲದಾಗ ಮಾತ್ರ ಎರಡೂ ಬೇರೆ ಬೇರೆ. ಅದರಲ್ಲಿ ಈಗಲೂ ರಾಜಿಯಿಲ್ಲ.

ಒಂದು ತಿಂಗಳೊಳಗೆ ಕಂಡದ್ದನ್ನು ಹೇಳಬೇಕು. ಗುಂಡು ಮುಂಗಾಲು ಚಾಚಿ ಎದೆಯನ್ನು ನೆಲಕ್ಕಿಳಿಸಿ, ಹಿಂಭಾಗವನ್ನು ಎತ್ತಿ ನಿಲ್ಲುತ್ತಿತ್ತು. ನಾಯಿಗಳ ಭಾಷೆಯಲ್ಲಿ ಇದು ಆಟಕ್ಕೆ ಕರೆ. ಅಮೆರಿಕದ ಪ್ರಾಣಿವರ್ತನೆಯ ವಿದ್ವಾಂಸ ಮಾರ್ಕ್ ಬೆಕಾಫ್, ತಪ್ಪರ್ಥವಾಗಬಹುದಾದ ಕಡಿತದ ಹಿಂದೆಮುಂದೆ ನಾಯಿಗಳು ಹೀಗೆ ಬಾಗುತ್ತವೆಂದು 1995ರಲ್ಲಿ ಬರೆದಿದ್ದಾರೆ. ಇದು ಆಟ, ಜಗಳವಲ್ಲ ಎಂಬ ಭರವಸೆ ಅದು. ಮಲ್ಲಿ ನಂಬಿತು. ಗುಂಡು ಅಂಗಾತ ಮಲಗಿ ಕಿವಿಯನ್ನು ಅದಕ್ಕೆ ಒಪ್ಪಿಸಿತು. ನಾನು ಹೊಡೆದ ದಿನ ಮಲಗಿದ ಹಾಗೆಯೇ; ಆದರೆ ಈ ಸಲ ತಾನಾಗಿ. ತನ್ನ ಬಲವನ್ನು ಬಚ್ಚಿಟ್ಟುಕೊಳ್ಳುವ ಈ ವಿದ್ಯೆಯನ್ನು ಹಗ್ಗ ಕಲಿಸಲಾರದು. ಕಟ್ಟಿದವನಿಗೆ ಬಿಟ್ಟುಕೊಡಲು ಏನಿರುತ್ತದೆ?

ಮಲ್ಲಿಯ ವಿಷಯವನ್ನೂ ಮರೆಮಾಚಬಾರದು. ಗುಂಡು ಮುಟ್ಟುವ ಮೊದಲೇ ಕಿರುಚುವುದನ್ನು ಅದು ಕಲಿತಿತ್ತು. ಕಿರುಚಿ ನಮ್ಮ ಮುಖ ನೋಡುತ್ತಿತ್ತು. ನಾವು ಏಳುವುದನ್ನು ನಿಲ್ಲಿಸಿದ ಮೇಲೆ ಆ ಕಿರುಚು ನಿಂತಿತು. ನಿಜವಾದ ನೋವಿನ ಕೂಗು ಬೇರೆಯೇ ಎಂದು ಆಗ ನಮಗೂ ತಿಳಿಯಿತು.

ಈ ಕತೆಯನ್ನು ಬ್ಯಾಂಕಿನಲ್ಲಿ ಹೇಳಿದಾಗ ನಮ್ಮವರೇ ಒಬ್ಬರು, “ಇದು ಕಾಸರಗೋಡಿನ ಕನ್ನಡದ ಕತೆಯೇ ಅಲ್ಲವೇ?” ಎಂದರು. ಒಂದರ್ಥದಲ್ಲಿ ಹೌದು. 1956ರ ನವೆಂಬರ್ 1ರಿಂದ ನಾವು ಈ ಅಂಗಳದಲ್ಲಿ ಚಿಕ್ಕ ಮರಿಯೇ. ಅದೇ ವರ್ಷ ಸಂವಿಧಾನಕ್ಕೆ ಸೇರಿದ 350ಎ ವಿಧಿ, ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಕರ್ಯ ಎಂಬುದು, ನನ್ನ ತಡಿಕೆಯ ಕಂಡಿಯಂಥದೇ: ದೊಡ್ಡದನ್ನು ಕಟ್ಟುವುದಿಲ್ಲ, ಚಿಕ್ಕದಕ್ಕೆ ದಾರಿ ಬಿಡುತ್ತದೆ. ಆ ಕಂಡಿಯನ್ನು ಮುಚ್ಚಲು ಯಾರು ಬಂದರೂ ಕೂಗಬೇಕಾದ್ದೇ. ಆದರೆ ಮಲ್ಲಿಯ ಜಾಗದಲ್ಲಿ ಕೂರುವುದು ನಮಗೆ ಬಹಳ ಹಿತವಾಗಿದೆಯೇನೋ ಎಂಬ ಸಂಶಯವೂ ನನಗಿದೆ. ನಾನು ಕಲಿತ ಕನ್ನಡ ಶಾಲೆಯಲ್ಲಿ ತುಳು ಮಾತಾಡಿದ ಹುಡುಗನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ನಾವು ಕೆಳಗೆ ಕೂತು ನಗುತ್ತಿದ್ದೆವು. ಅಲ್ಲಿ ಹನ್ನೆರಡು ಕಿಲೋ ನಾವೇ. ಒಬ್ಬನೇ ಮನುಷ್ಯ ಬೆಳಿಗ್ಗೆ ಮಲ್ಲಿ, ಮಧ್ಯಾಹ್ನ ಗುಂಡು.

ಕಳೆದ ದೀಪಾವಳಿಗೆ ಅಣ್ಣ ಬಂದು ಜಗಲಿಯಲ್ಲಿ ಕೂತಿದ್ದ. ಮಲ್ಲಿ ಗುಂಡುವಿನ ಕಿವಿ ಹಿಡಿದು ಎಳೆಯುವುದನ್ನು ನೋಡಿ, “ನೀನೂ ಹೀಗೇ ಕಚ್ಚುತ್ತಿದ್ದೆ” ಎಂದು ನಕ್ಕ. ಕೆರೆಯ ಮೆಟ್ಟಿಲಿನ ಮಾತನ್ನು ಅಂದಾದರೂ ತೆಗೆಯಬೇಕೆಂದು ನಾನು, “ಅಣ್ಣ, ಆಗ ಅಪ್ಪ...” ಎಂದೆ. ಅವನು ಎದ್ದು ಮುಂಡು ಮಡಚಿ ಕಟ್ಟಿ, “ನಿನ್ನ ಆ ಎಳೆ ಸಸಿಗಳಿಗೆ ನೀರು ಹೋಗುತ್ತಿಲ್ಲ, ಕಣಿ ಬಿಡಿಸಬೇಕು” ಎನ್ನುತ್ತ ಹಾರೆ ಎತ್ತಿಕೊಂಡ. ಗುಂಡು ಅವನ ಹಿಂದೆ ಓಡಿತು. ಮಲ್ಲಿ ತಡಿಕೆಯ ಕಂಡಿಯಿಂದ ನುಸುಳಿ, ಕುಂಟುತ್ತಲೇ ಅವರಿಬ್ಬರ ಹಿಂದೆ ಹೋಯಿತು.